ಎಳೆದರೆ ಕಾದಂಬರಿ ಆಗುವುದಿಲ್ಲ

“ಮೇಡಂ, ಎಷ್ಟು ಪದ ಆದ್ರೆ ಕಿರುಕಾದಂಬರಿ?”

ಹಸ್ತಪ್ರತಿ ತಿದ್ದುವುದು ನನ್ನ ಕಸುಬು. ಈ ಪ್ರಶ್ನೆ ಕೇಳಿಬರದ ತಿಂಗಳಿಲ್ಲ. ವಿಜ್ಞಾನ ಕಥೆ, ಫ್ಯಾಂಟಸಿಗೆ ಕೊಡುವ ಅಮೆರಿಕದ ನೆಬ್ಯುಲಾ ಪ್ರಶಸ್ತಿಯವರ ನಿಯಮವನ್ನು ಎಲ್ಲೋ ಓದಿಕೊಂಡು ಬಂದಿರುತ್ತಾರೆ: ಕಿರುಕಾದಂಬರಿಗೆ 17,500 ಪದ ಇರಬೇಕು, 40,000 ಮುಟ್ಟಬಾರದು. ಸ್ವಾಮಿ, ಅದು ಇಂಗ್ಲಿಷಿನ ಲೆಕ್ಕ. ‘ಹೋಗಬೇಕಾಗಿತ್ತೇನೋ’ ಎಂದು ನಾವು ಒಂದೇ ಪದದಲ್ಲಿ ಮುಗಿಸುವುದಕ್ಕೆ ಅವರಿಗೆ ನಾಲ್ಕೈದು ಬೇಕು. ಆ ಕೋಲು ಹಿಡಿದು ಕನ್ನಡ ಅಳೆಯಬೇಡಿ.

ಪದದ ಲೆಕ್ಕ ಹೋಗಲಿ. ನನಗೆ ತಲೆ ಕೆಡುವುದು ಅದರ ಬೆನ್ನಿಗೇ ಬರುವ ಮಾತಿಗೆ: “ಇನ್ನೊಂದು ಸ್ವಲ್ಪ ಎಳೆದ್ರೆ ಕಾದಂಬರೀನೇ ಆಗುತ್ತಲ್ವಾ?” ಆಗುವುದಿಲ್ಲ. ಸಾರಿಗೆ ನೀರು ಬೆರೆಸಿದರೆ ಸಾರು ಹೆಚ್ಚಾಗುತ್ತದೆ, ಹುಳಿ ಆಗುವುದಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ನೋಡಿ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸತ್ತ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಮಾಡುವತನಕ ಅಗ್ರಹಾರಕ್ಕೆ ಊಟವಿಲ್ಲ. ಅವನ ಜೊತೆಗಿದ್ದ ಚಂದ್ರಿಯ ಒಡವೆ, ಬ್ರಾಹ್ಮಣರ ಆಸೆಬುರುಕತನ, ಸಾಯುವ ಇಲಿಗಳು, ಎಲ್ಲವೂ ಬರುತ್ತವೆ. ಬಂದದ್ದೆಲ್ಲ ಆ ಹೆಣವನ್ನೇ ಸುತ್ತುತ್ತವೆ. ಹೆಣ ಸುಟ್ಟ ಮೇಲೂ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಬೆನ್ನು ಬಿಡದಿರುವುದು ಅದೇ ಪ್ರಶ್ನೆ. ಮುಖಪುಟದಲ್ಲಿ ‘ಕಾದಂಬರಿ’ ಎಂದೇ ಇರಬಹುದು. ನಮ್ಮಲ್ಲಿ ನೀಳ್ಗತೆ, ಕಿರುಕಾದಂಬರಿ, ಕಾದಂಬರಿ ಎಂಬ ಗೆರೆಗಳು ಯಾವತ್ತೂ ನೆಟ್ಟಗಿರಲಿಲ್ಲ. ಆ ಜಗಳ ವಿಮರ್ಶಕರಿಗಿರಲಿ. ನಾನು ಹೇಳುತ್ತಿರುವುದು ಕಟ್ಟಡದ ಮಾತು.

ಹಾಗಂತ ಪಾತ್ರ ಕಡಿಮೆ ಇರಬೇಕೆಂದಲ್ಲ. ದೇವನೂರರ ‘ಒಡಲಾಳ’ದಲ್ಲಿ ಸಾಕವ್ವನ ಮನೆ ತುಂಬ ಜನ. ಕಾಲ ಚಿಕ್ಕದಿರಬೇಕೆಂದೂ ಅಲ್ಲ. ಮಾಸ್ತಿಯವರು 1928ರಷ್ಟು ಹಿಂದೆಯೇ ‘ಸುಬ್ಬಣ್ಣ’ದಲ್ಲಿ ಒಬ್ಬ ಸಂಗೀತಗಾರನ ಇಡೀ ಬದುಕು ಹೇಳಿದ್ದಾರೆ. ಕಿರುಕಾದಂಬರಿಯ ಭಾರ ಹೊರುವ ಕಂಬ ಮಾತ್ರ ಒಂದೇ. ಹೊಸದಾಗಿ ಬರೆದ ಅಧ್ಯಾಯ ಆ ಕಂಬಕ್ಕೆ ಒರಗಿದೆಯೇ, ಇಲ್ಲ ಪಕ್ಕದಲ್ಲಿ ಸುಮ್ಮನೆ ನಿಂತಿದೆಯೇ? ನಾನು ಕೇಳುವುದು ಇಷ್ಟೇ.

ಚಾಮರಾಜಪೇಟೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 92 ಪುಟದ ಹಸ್ತಪ್ರತಿ ತಂದಿದ್ದರು. ಅಣ್ಣತಮ್ಮಂದಿರು ಹಳೇ ಮನೆ ಪಾಲು ಮಾಡಿಕೊಳ್ಳುತ್ತಾರೆ, ಗೆರೆ ಎಳೆದರೆ ಬಾವಿ ನಟ್ಟನಡುವೆ ಬರುತ್ತದೆ. ಒಂದೇ ಪಟ್ಟಿಗೆ ಕೂತು ಓದಿದೆ, ಚೆನ್ನಾಗಿದೆ ಅಂದೆ. ಆರು ತಿಂಗಳ ಮೇಲೆ 214 ಪುಟದೊಂದಿಗೆ ಬಂದರು! ಕಾಶಿಯಾತ್ರೆ ಸೇರಿತ್ತು, ತಮ್ಮನ ಮಗಳ ಪ್ರೇಮ ಸೇರಿತ್ತು. ಬಾವಿ ಎಪ್ಪತ್ತು ಪುಟ ನಾಪತ್ತೆ. ಹುಡುಗಿ ಪ್ರೀತಿಸಬಾರದು ಎಂದು ನಾನೆಲ್ಲಿ ಹೇಳಿದೆ? ಹುಡುಗನ ಅಪ್ಪ ಆ ಸೈಟಿನ ಮೇಲೆ ಕಣ್ಣಿಟ್ಟ ಬಿಲ್ಡರ್ ಆಗಿದ್ದಿದ್ದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅವರನ್ನೇ ಬೈದು ಪ್ರಯೋಜನವಿಲ್ಲ. ತೆಳ್ಳಗಿದ್ದರೆ ಅಂಗಡಿಯ ಕಪಾಟಿನಲ್ಲಿ ಕಾಣುವುದಿಲ್ಲ ಎಂದು ಪ್ರಕಾಶಕರು ಹೆದರಿಸಿರುತ್ತಾರೆ. ಗ್ರಂಥಾಲಯದ ಸಗಟು ಖರೀದಿಯಲ್ಲೂ ಪುಟಕ್ಕಿಷ್ಟು ಎಂಬ ಲೆಕ್ಕವೇ. ಇದರ ನಡುವೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಳ್ಳಗಿದ್ದುಕೊಂಡೇ ಇಂಗ್ಲಿಷಿಗೆ ಹೋಗಿ ದೇಶಾಂತರ ಸುತ್ತಿತು. ಅದು ಎಲ್ಲರ ಹಣೆಬರಹ ಅಂತ ನಾನು ಭರವಸೆ ಕೊಡಲಾರೆ.

ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತ ಪೆನ್ಸಿಲ್ ಹಿಡಿದೆವು. ಕಾಶಿಯಾತ್ರೆಯನ್ನು ಹೊಡೆದು ಹಾಕುವಾಗ ಅವರ ಮುಖ ನೋಡಲಾಗಲಿಲ್ಲ. ಪಾಪ, ಹೆಂಡತಿಯ ಜೊತೆ ನಿಜಕ್ಕೂ ಹೋಗಿಬಂದಿದ್ದ ಯಾತ್ರೆ ಅದು. ಪ್ರೇಮ ಎರಡು ಪುಟಕ್ಕೆ ಇಳಿಯಿತು. ಕೊನೆಗೆ 112 ಪುಟ, ಡೆಮಿ ಸೈಜಿನಲ್ಲಿ, ಹದಿನಾರು ಪುಟಕ್ಕೊಂದು ಅಚ್ಚಿನ ಫಾರಂನಂತೆ, ಸರಿಯಾಗಿ ಏಳು ಫಾರಂ.

ಪುಸ್ತಕ ಅಚ್ಚಿಗೆ ಹೋದ ರಾತ್ರಿ ಫೋನು ಬಂತು. “ಮೇಡಂ, ಒಂದೇ ಅನುಮಾನ. ಪುಸ್ತಕದ ಬೆನ್ನಿನ ಮೇಲೆ ನನ್ನ ಹೆಸರು ಹಿಡಿಸುತ್ತಾ?”