ಸಿಲ್ವರ್ ಮರದ ಬುಡದಲ್ಲಿ ಏನ್ ನಡೀತಿದೆ?

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಹೋಗ್ವಾಗ ಕಾಫಿ ತೋಟದೊಳಗೆ ಕರೆಂಟ್ ಕಂಬದ ಥರ ನೆಟ್ಟಗೆ ನಿಂತಿರೋ, ಗಾಳಿ ಬೀಸಿದ್ರೆ ಎಲೆಯ ಅಡಿಭಾಗ ಬೆಳ್ಳಗೆ ಹೊಳೆಯೋ ಮರ ಇದ್ಯಲ್ಲ, ಅದೇ ಸಿಲ್ವರ್. ಪೂರ್ತಿ ಹೆಸರು ಸಿಲ್ವರ್ ಓಕ್, ಆದ್ರೆ ಓಕ್‌ಗೂ ಇದಕ್ಕೂ ನೆಂಟಸ್ತನ ಏನೂ ಇಲ್ಲ. ಗ್ರೆವಿಲಿಯಾ ರೊಬಸ್ಟಾ ಅಂತ ಇದರ ವೈಜ್ಞಾನಿಕ ಹೆಸರು (ರೊಬಸ್ಟಾ ಕಾಫಿಗೂ ಇದಕ್ಕೂ ಗಂಟು ಹಾಕ್ಬೇಡಿ ಮತ್ತೆ), ತವರು ಪೂರ್ವ ಆಸ್ಟ್ರೇಲಿಯಾ, 19ನೇ ಶತಮಾನದಲ್ಲಿ ಟೀ ಕಾಫಿ ತೋಟದ ನೆರಳಿಗೆ ಅಂತ ಈ ಕಡೆ ಬಂತು.

ಬೇಗ ಬೆಳೆಯುತ್ತೆ, ಮರಗಸಿ (ನೆರಳು ಕಮ್ಮಿ ಮಾಡೋಕೆ ಕೊಂಬೆ ಕಡಿಯೋದು) ಮಾಡಿದ್ರೆ ತಡ್ಕೊಳುತ್ತೆ, ಒರಟು ತೊಗಟೆ ಆದ್ರಿಂದ ಮೆಣಸಿನ ಬಳ್ಳಿ ಹಬ್ಬೋಕೆ ಸಲೀಸು, ಕೊನೆಗೆ ಪ್ಲೈವುಡ್‌ನವರು ಬಂದು ತಗೊಂಡು ಹೋಗ್ತಾರೆ. ಇದು ಎಲ್ರಿಗೂ ಗೊತ್ತಿರೋದೇ. ನಂಗೆ ಮಜಾ ಅನ್ಸೋದು ಮಣ್ಣಿನ ಒಳಗಿನ ಕಥೆ.

ಮಲೆನಾಡಿನ ಕೆಂಪು ಮಣ್ಣಲ್ಲಿ ರಂಜಕ (ಗಿಡಕ್ಕೆ ಬೇಕಾದ ಪೋಷಕಾಂಶ, ಫಾಸ್ಫರಸ್) ಇದ್ರೂ ಕಬ್ಬಿಣಕ್ಕೆ ಅಂಟ್ಕೊಂಡು ಗಿಡಕ್ಕೆ ಸಿಗಲ್ಲ. ಸಿಲ್ವರ್ ಏನ್ ಮಾಡುತ್ತೆ ಅಂದ್ರೆ ಬಾಟಲಿ ತೊಳೆಯೋ ಬ್ರಷ್ ಥರ ಒತ್ತೊತ್ತಾಗಿ ಸಣ್ಣ ಬೇರು ಬಿಟ್ಟು, ಅದರಿಂದ ಸಾವಯವ ಆಮ್ಲ ಸುರಿದು, ಆ ಅಂಟನ್ನೇ ಬಿಡಿಸಿ ರಂಜಕ ಹೀರ್ಕೊಳುತ್ತೆ. ಬಡ ಮಣ್ಣಲ್ಲೂ ಇದು ಬೆಳೆಯೋದಕ್ಕೆ ಈ ಬೇರುಗಳೂ ಒಂದು ಕಾರಣ.

ನೀರಿನ ವಿಷಯ ಇನ್ನೂ ವಿಚಿತ್ರ. ಕೀನ್ಯಾದ ಮಚಾಕೋಸ್‌ನಲ್ಲಿ ಜೋಳದ ಹೊಲದಲ್ಲಿ ಈ ಮರ ಬೆಳೆಸಿ ಬೇರಿನೊಳಗೆ ನೀರು ಹರಿಯೋದನ್ನ ಅಳೆದ್ರು (ಜೋಳ ಅಂದ್ರೆ ನಮ್ಮ ಮೆಕ್ಕೆಜೋಳ). ಬೇಸಿಗೆಯಲ್ಲಿ ತಾಯಿಬೇರು ಆಳದ ನೀರನ್ನ ಮೇಲಿನ ಒಣಮಣ್ಣಿಗೆ ತಂದು ಬಿಡುತ್ತೆ, ಮಳೆ ಬಿದ್ಮೇಲೆ ಉಲ್ಟಾ, ಮೇಲಿನ ನೀರು ಬೇರಿನ ಮೂಲಕ ಕೆಳಗಿಳಿಯುತ್ತೆ. ಹಂಗಂತ ಬೆಳೆಗೆ ಲಾಭ ಆಯ್ತು ಅನ್ಕೋಬೇಡಿ, ಮಳೆ ಕಮ್ಮಿ ಆದಾಗ ಮರದ ಜೊತೆಗಿದ್ದ ಜೋಳದ ಇಳುವರಿ ಬಿದ್ದೇಹೋಯ್ತು. ಮಲೆನಾಡಲ್ಲಿ ಮಳೆ ಜಾಸ್ತಿ ಅಂತ ಬಚಾವ್.

ಇನ್ನೊಂದು, ಆಸ್ಟ್ರೇಲಿಯಾದ ಕಾಡಲ್ಲಿ ಈ ಮರ ಗುಂಪಾಗಿ ಇರಲ್ಲ, ಅಲ್ಲೊಂದು ಇಲ್ಲೊಂದು. 1967ರಲ್ಲಿ ಅಲ್ಲಿನ ವಿಜ್ಞಾನಿಗಳು ಬರೆದಿದ್ರು, ಬೆಳೆದ ಮರದ ಬೇರಿನಿಂದ ಬರೋ ಏನೋ ಒಂದು ಅದರದೇ ಸಸಿಗಳನ್ನ ಸಾಯಿಸುತ್ತೆ ಅಂತ. ಹುಟ್ಟೂರಲ್ಲಿ ತನ್ನ ಮಕ್ಕಳನ್ನೇ ಪಕ್ಕದಲ್ಲಿ ಬೆಳೆಯೋಕೆ ಬಿಡದ ಮರನ ತಂದು ನಾವು ಸಾಲಿಗೆ ನಿಲ್ಸಿದೀವಿ!

ಮೊದ್ಲು ತೋಟದಲ್ಲಿ ನಂದಿ, ಹೊನ್ನೆ, ಬೀಟೆ, ಅತ್ತಿ ಎಲ್ಲಾ ಇರ್ತಿತ್ತು, ಅದ್ರ ಕೆಳಗೆ ಹಾಲುವಾಣ ಅನ್ನೋ ಇನ್ನೊಂದು ನೆರಳಿನ ಮರ. ಹಂಗಿದ್ದೂ ಸಿಲ್ವರ್ ಗೆದ್ದಿದ್ದು ಬರೀ ಬೇರಿನ ಬಲದಿಂದ ಅಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯೋಕೆ ಅನುಮತಿ ಬೇಡ ಅನ್ನೋ ಮರಗಳ ಪಟ್ಟಿ ಇದೆ, ಸಿಲ್ವರ್ ಅದರಲ್ಲಿದೆ, ಬೀಟೆ ಹೊನ್ನೆ ಇಲ್ಲ. ಕಾಡುಮರ ಉಳೀಲಿ ಅಂತ ಮಾಡಿದ ಕಾನೂನು, ಆದ್ರೆ ನಾಳೆ ದುಡ್ಡು ಬೇಕಾದಾಗ ಕಡಿಯೋಕಾಗದ ಮರನ ಇವತ್ತು ಯಾರು ನೆಡ್ತಾರೆ ಹೇಳಿ? ಎಷ್ಟೋ ತೋಟದಲ್ಲಿ ತಾನಾಗೇ ಹುಟ್ಟಿದ ಹೊನ್ನೆ ಸಸಿ ಕಳೆ ಹೊಡೆಯೋವಾಗ ಕತ್ತಿಗೆ ಹೋಗುತ್ತೆ, ಅಲ್ಲೇ ಪಕ್ಕದಲ್ಲಿ ಗುಂಡಿ ತೆಗೆದು ಸಿಲ್ವರ್ ನೆಡ್ತಾರೆ.