ವಿಡಿಯೊ ಕ್ಯಾಪ್ಚರ್ ಸಾಧನದ ಬೆಂಬಲ: ಬಫರ್ ಯಾರ ಕೈಯಲ್ಲಿದೆ?

ಬಾಗಲಕೋಟೆಯಲ್ಲಿ ಭಾನುವಾರ ಸೇರುವ ನಮ್ಮ ಅಧ್ಯಯನ ಗುಂಪು, ಲಿನಕ್ಸ್‌ನಲ್ಲಿ ವೆಬ್‌ಕ್ಯಾಮನ್ನು ಎಫ್‌ಎಫ್‌ಎಂಪೆಗ್‌ಗೆ (ವಿಡಿಯೊ ದಾಖಲಿಸುವ, ರೂಪಾಂತರಿಸುವ ತಂತ್ರಾಂಶ) ಜೋಡಿಸುವ ಕೆಳಹಂತದ ಕೋಡನ್ನು ಈಗ ಓದುತ್ತಿದೆ. ಸಾಧನವನ್ನು ತೆರೆಯುವುದು, ಪ್ಯಾಕೆಟ್ (ಇಲ್ಲಿ ಒಂದು ಫ್ರೇಮಿನ ದತ್ತಾಂಶ) ಓದುವುದು, ಮುಚ್ಚುವುದು ಎಂಬ ಮೂರು ಫಂಕ್ಷನ್‌ಗಳೇ ಅದರ ಮೈಕಟ್ಟು.

ತೆರೆಯುವಾಗ ನಾವು ವಿ4ಎಲ್2 (ಲಿನಕ್ಸ್‌ನಲ್ಲಿ ವಿಡಿಯೊ ಸಾಧನಗಳನ್ನು ಬಳಸುವ ಇಂಟರ್‌ಫೇಸ್) ಡ್ರೈವರ್‌ಗೆ ಚಿತ್ರದ ಅಳತೆಯನ್ನೂ ಪಿಕ್ಸೆಲ್ ವಿನ್ಯಾಸವನ್ನೂ ಕೇಳುತ್ತೇವೆ; ಅದು ತನಗೆ ಸಾಧ್ಯವಾದುದಕ್ಕೆ ಅವನ್ನು ತಿದ್ದಿ ಹಿಂತಿರುಗಿಸಬಹುದು, ಆದ್ದರಿಂದ ಹಿಂತಿರುಗಿದ ಮೌಲ್ಯಗಳನ್ನೇ ಬಳಸಬೇಕು. ನಾನು ಮೊದಲ ಸಲ ಪ್ರತಿ ಸಾಲಿನ ಬೈಟ್‌ಗಳನ್ನು ಅಗಲದಿಂದಲೇ ಲೆಕ್ಕ ಹಾಕಿದ್ದರಿಂದ ಚಿತ್ರವೆಲ್ಲ ಓರೆಯಾಗಿ ಬಂದಿತ್ತು. ವೈಯುವೈವಿ ಎಂಬ, ಕುಗ್ಗಿಸದ ಪಿಕ್ಸೆಲ್ ವಿನ್ಯಾಸದಲ್ಲಿ ಪಿಕ್ಸೆಲ್‌ಗೆ 2 ಬೈಟ್. 1280×720 ಅಳತೆಯ 30 ಫ್ರೇಮ್‌ಗಳಿಗೆ ಸೆಕೆಂಡಿಗೆ 5,52,96,000 ಬೈಟ್ ಬೇಕು. ಯುಎಸ್‌ಬಿ 2.0ರ ಒಂದು ಐಸೊಕ್ರೋನಸ್ ಎಂಡ್‌ಪಾಯಿಂಟ್ (ನಿಯತ ಸಮಯಕ್ಕೆ ದತ್ತಾಂಶ ಸಾಗಿಸುವ ದಾರಿ) ಹೊರಬಲ್ಲದ್ದು ಹೆಚ್ಚೆಂದರೆ 2,45,76,000. ಇಂಥ ಕ್ಯಾಮೆರಾಗಳು ದೊಡ್ಡ ಅಳತೆಗೆ ಎಂಜೆಪೆಗ್ (ಪ್ರತಿ ಫ್ರೇಮನ್ನೂ ಜೆಪೆಗ್ ಚಿತ್ರವಾಗಿ ಕುಗ್ಗಿಸಿದ ರೂಪ) ಕೊಡುವುದು ಇದೇ ಕಾರಣಕ್ಕೆ.

ನಿಜವಾದ ಕಷ್ಟವಿರುವುದು ಬಫರ್‌ಗಳಲ್ಲಿ, ಅಂದರೆ ಫ್ರೇಮ್‌ಗಳನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ ತುಣುಕುಗಳಲ್ಲಿ. ಇಳಕಲ್ಲಿನ ನೇಕಾರರ ಮನೆಯನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ: ಒಬ್ಬರು ಕಂಡಿಕೆಗೆ ನೂಲು ಸುತ್ತಿ ಕೊಡುತ್ತಾರೆ, ಮಗ್ಗದಲ್ಲಿ ಕುಳಿತವರು ಅದನ್ನು ಲಾಳಿಗಿಟ್ಟು ನೇಯ್ದು, ಬರಿದಾದ ಕಂಡಿಕೆಯನ್ನು ಮತ್ತೆ ಸುತ್ತಲು ಕೊಡುತ್ತಾರೆ. ಇಲ್ಲಿ ಸುತ್ತುವುದು ಡ್ರೈವರ್, ನೇಯುವುದು ನಮ್ಮ ಪ್ರೋಗ್ರಾಂ. ಎಂಮ್ಯಾಪ್ (ಡ್ರೈವರ್‌ನ ಮೆಮೊರಿಯನ್ನು ಪ್ರೋಗ್ರಾಂಗೂ ಕಾಣಿಸುವ ಸಿಸ್ಟಂ ಕರೆ) ಮೂಲಕ ಇಬ್ಬರಿಗೂ ಕಾಣುವ ಬಫರ್‌ಗಳನ್ನು ಮೊದಲೇ ಸರದಿಗೆ ಸೇರಿಸಿ, ಸ್ಟ್ರೀಮ್ ಆರಂಭಿಸಿ, ತುಂಬಿದ್ದನ್ನು ಹೊರತೆಗೆದು, ಬಳಸಿದ ಮೇಲೆ ಮರಳಿ ಸೇರಿಸಬೇಕು. ಸರದಿಯಲ್ಲಿರುವ ಬಫರ್ ಡ್ರೈವರ್‌ನದು. ಅದನ್ನು ನಾವು ಮುಟ್ಟಕೂಡದು. ಆದರೆ ಕಂಡಿಕೆ ಬರಿದಾಗದಿದ್ದರೆ ಸುತ್ತುವವರು ಕಾಯುತ್ತಾರೆ, ಕ್ಯಾಮೆರಾ ಕಾಯುವುದಿಲ್ಲ: ಖಾಲಿ ಬಫರ್ ಸಿಗದಿದ್ದರೆ ಫ್ರೇಮ್ ಕಳೆದೇ ಹೋಗುತ್ತದೆ.

ಎಫ್‌ಎಫ್‌ಎಂಪೆಗ್ ಇದನ್ನು ನಿಭಾಯಿಸುವ ರೀತಿ ನನಗೆ ಬಹಳ ಹಿಡಿಸಿತು. ಸಾಮಾನ್ಯವಾಗಿ ಅದು ನಕಲು ಮಾಡದೆ ಬಫರನ್ನೇ ಪ್ಯಾಕೆಟ್ ಆಗಿ ಮುಂದೆ ಕೊಡುತ್ತದೆ. ಆ ಪ್ಯಾಕೆಟ್ಟಿನ ಕೊನೆಯ ಉಲ್ಲೇಖ (ರೆಫರೆನ್ಸ್) ಬಿಡುಗಡೆಯಾದಾಗ, ಅಂದರೆ ಅದನ್ನು ಬಳಸುವವರು ಯಾರೂ ಉಳಿಯದಾಗ, ಬಫರ್ ತಾನಾಗಿ ಸರದಿಗೆ ಮರಳುತ್ತದೆ. ಸರದಿಯಲ್ಲಿ ಉಳಿದವು ತೀರ ಕಡಿಮೆಯಾದಾಗ ಮಾತ್ರ ಫ್ರೇಮನ್ನು ನಕಲು ಮಾಡಿಕೊಂಡು ಬಫರನ್ನು ತಕ್ಷಣ ಮರಳಿಸುತ್ತದೆ. ಮುಂದಿನ ವಾರ ಓದಿ ಬರುವವರು ಈ ಎರಡು ಕವಲುಗಳನ್ನು ಗುರುತಿಸಿ, ಮುಚ್ಚುವ ಫಂಕ್ಷನ್ ಸ್ಟ್ರೀಮನ್ನು ನಿಲ್ಲಿಸಿದ ಬಳಿಕವೇ ಮ್ಯಾಪಿಂಗ್‌ಗಳನ್ನು ತೆಗೆಯುವುದನ್ನೂ ನೋಡಿಕೊಂಡು ಬರಬೇಕು.