‘ಥೆರಪಿಸ್ಟ್ ಆಫ್ ಕಲರ್’ ಅಂದರೆ ಯಾರು?

‘ಥೆರಪಿಸ್ಟ್ ಆಫ್ ಕಲರ್’ ಅನ್ನುವುದನ್ನು ‘ಕಪ್ಪು ಮೈಬಣ್ಣದ ಚಿಕಿತ್ಸಕಿ’ ಅಂತ ಕನ್ನಡಕ್ಕೆ ತಂದಿದ್ದನ್ನು ಮತ್ತೊಮ್ಮೆ ಓದಿದೆ. ಹಿಂದೆ ಇನ್ನೊಂದು ಕಡೆ ‘ಬಣ್ಣ ಚಿಕಿತ್ಸಕ’ ಅಂತಿತ್ತು. ಅದು ಬೇರೆಯೇ ಕಸುಬು. ‘ಥೆರಪಿಸ್ಟ್ ಆಫ್ ಕಲರ್’ ಅಂದರೆ ಅಮೆರಿಕದಲ್ಲಿ ಬಿಳಿಯರಲ್ಲದ ಯಾವುದೇ ಸಮುದಾಯದಿಂದ ಬಂದ ಮಾನಸಿಕ ಚಿಕಿತ್ಸಕರು; ಕಪ್ಪು ಜನರಷ್ಟೇ ಅಲ್ಲ, ಭಾರತೀಯರೂ ಅದರಲ್ಲಿ ಸೇರುತ್ತಾರೆ. ಅಮೆರಿಕದಲ್ಲಿರುವ ನಮ್ಮವರೇ ಕೆಲವರು ‘ನಾನು ಬೆಳ್ಳಗಿದ್ದೀನಲ್ಲ, ನನಗ್ಯಾಕೆ ಆ ಹೆಸರು?’ ಅನ್ನುತ್ತಾರೆ.

ಮೈಬಣ್ಣ ಇಲ್ಲಿ ಲೆಕ್ಕಕ್ಕೇ ಇಲ್ಲ. 1923ರಲ್ಲಿ, ಪಂಜಾಬಿನಿಂದ ಅಮೆರಿಕಕ್ಕೆ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅವರು ತಾವು ಆರ್ಯ ಮೂಲದವರು, ಹಾಗಾಗಿ ಬಿಳಿಯರು ಅಂತ ಪೌರತ್ವಕ್ಕಾಗಿ ವಾದಿಸಿದರು. ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1970ರ ಜನಗಣತಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿತು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಮಾಡಿದರು. ಅಷ್ಟರಲ್ಲಿ ಯಾರ ಚರ್ಮವೂ ಬದಲಾಗಿರಲಿಲ್ಲ.

‘ಕಲರ್ಡ್’ ಬೇರೆ, ‘ಆಫ್ ಕಲರ್’ ಬೇರೆ. ಮೊದಲನೆಯದು ಅಮೆರಿಕದಲ್ಲಿ ಕಪ್ಪು ಜನರನ್ನು ಬಿಳಿಯರಿಂದ ಬೇರೆ ಕೂರಿಸಲು ನಲ್ಲಿಯ ಮೇಲೆ, ಕಾಯುವ ಕೋಣೆಯ ಬಾಗಿಲ ಮೇಲೆ ಬರೆದ ಪದ. ಎರಡನೆಯದು ಜನ ತಾವೇ ಆರಿಸಿಕೊಂಡದ್ದು. ಆ ಪದಗಳು ಹಳೆಯವೇ, ಆದರೆ ಈಗಿನ ಅರ್ಥಕ್ಕೆ 1977ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ನಡೆದ ರಾಷ್ಟ್ರೀಯ ಮಹಿಳಾ ಸಮ್ಮೇಳನವನ್ನು ನೋಡಬೇಕು. ಹೋರಾಟಗಾರ್ತಿ ಲೊರೆಟ್ಟಾ ರಾಸ್ ಅದನ್ನು ಹೀಗೆ ನೆನೆಯುತ್ತಾರೆ: ವಾಷಿಂಗ್ಟನ್‌ನ ಕಪ್ಪು ಮಹಿಳೆಯರು ತಮ್ಮದೇ ಬೇಡಿಕೆಗಳ ಪಟ್ಟಿ ತಂದಿದ್ದರು. ಉಳಿದ ಅಲ್ಪಸಂಖ್ಯಾತ ಮಹಿಳೆಯರು ನಮ್ಮನ್ನೂ ಸೇರಿಸಿಕೊಳ್ಳಿ ಅಂದರು. ಹಾಗಾದರೆ ಅದು ಬರೀ ಕಪ್ಪು ಮಹಿಳೆಯರ ಪಟ್ಟಿ ಆಗಲ್ಲ, ಅಲ್ವಾ? ಮಾತುಕತೆ ನಡೆದು ‘ವಿಮೆನ್ ಆಫ್ ಕಲರ್’ ಅನ್ನುವ ಹೆಸರಾಯಿತು. ಅದು ಹುಟ್ಟಿನಿಂದ ಬರುವ ಗುರುತಲ್ಲ, ಒಬ್ಬರಿಗೊಬ್ಬರು ನಿಲ್ಲುತ್ತೇವೆ ಅನ್ನುವ ಒಪ್ಪಂದ ಅಂತ ರಾಸ್ ಒತ್ತಿ ಹೇಳುತ್ತಾರೆ.

ಥೆರಪಿಸ್ಟ್‌ಗಳ ವಿಷಯದಲ್ಲಿ ಗುಂಪು ಮೊದಲು ಬಂತು, ಈ ಹೆಸರು ಆಮೇಲೆ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಪ್ಪು ಮನಃಶಾಸ್ತ್ರಜ್ಞರು ತಮ್ಮದೇ ಸಂಘ ಕಟ್ಟಿದರು. 1972ರಲ್ಲಿ ಏಷ್ಯನ್ ಅಮೆರಿಕನ್ನರೂ ಕಟ್ಟಿದರು.

ಯಾಕೆ ಬೇಕು ಇಂಥ ಗುಂಪು? ಅಲ್ಲಿ ಲೈಸೆನ್ಸ್ ಸಿಗುವ ಮುಂಚೆ ಹಿರಿಯರೊಬ್ಬರ ಕೈಕೆಳಗೆ ಸಾವಿರಾರು ಗಂಟೆ ಕೆಲಸ ಮಾಡಬೇಕು. ಇಡೀ ಕ್ಲಿನಿಕ್‌ಗೆ ನಮ್ಮ ಕಡೆಯವಳು ಒಬ್ಬಳೇ ಅಂದುಕೊಳ್ಳಿ. ಅತ್ತೆ ಮಾವ ಆರು ತಿಂಗಳಿಗೆ ಬಂದಿದ್ದಾರೆ, ಅಡುಗೆಮನೆಯಲ್ಲಿ ತನ್ನದೇನೂ ನಡೆಯುತ್ತಿಲ್ಲ ಅಂತ ಒಬ್ಬ ಹೆಂಗಸು ಬಂದು ಅಳುತ್ತಾಳೆ. ‘ಹೋಟೆಲಿನಲ್ಲಿ ಇರಿ ಅಂತ ಯಾಕೆ ಹೇಳಬಾರದು?’ ಅಂತ ಸೂಪರ್‌ವೈಸರ್ ಕೇಳುತ್ತಾರೆ. ಅರ್ಧ ಗಂಟೆ ನಮ್ಮ ಮನೆಗಳ ಬಗ್ಗೆ ಪಾಠ ಹೇಳುವುದರಲ್ಲೇ ಹೋಗುತ್ತದೆ. ಅದೇ ಕೇಸನ್ನು ತನ್ನಂಥವರ ಗುಂಪಿಗೆ ತಂದರೆ ಮೊದಲ ಪ್ರಶ್ನೆಯೇ ಬೇರೆ: ‘ವಾಪಸ್ ಟಿಕೆಟ್ ಯಾವಾಗ? ಗಂಡ ಏನಂತಾನೆ?’ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಅಂದರೆ ಗುಂಪಿನವರೆಲ್ಲ ಒಂದೇ ಥರ ಅಂತಲ್ಲ. ಪೊಲೀಸರು ಗಾಡಿ ನಿಲ್ಲಿಸಿದಾಗ ಕಪ್ಪು ಸಹೋದ್ಯೋಗಿಗೆ ಆಗುವ ಭಯ ಕನ್ನಡದವಳಿಗೆ ತಾನಾಗಿ ಗೊತ್ತಾಗಲ್ಲ. ಕೂತು ಕೇಳಬೇಕು. ಆ ಹೆಸರು ಇಟ್ಟುಕೊಂಡು ಸುಮ್ನೆ ತನ್ನ ನೋವನ್ನಷ್ಟೇ ಹೇಳಿ ಎದ್ದುಹೋದರೆ ಒಪ್ಪಂದದ ಅರ್ಧ ಮುರಿದಂತೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಕನ್ನಡದ ಥೆರಪಿಸ್ಟ್‌ಗೆ ದಯವಿಟ್ಟು ಈ ಪದ ಹಚ್ಚಬೇಡಿ. ನಮ್ಮಲ್ಲಿ ಇದೇ ಪ್ರಶ್ನೆ ಜಾತಿಯದ್ದು. ಬಹುಜನರಿಗಾಗಿ ಹುಟ್ಟಿದ ‘ದಿ ಬ್ಲೂ ಡಾನ್’ನಂಥ ಮಾನಸಿಕ ಆರೋಗ್ಯದ ಗುಂಪುಗಳು ಅದನ್ನು ನೇರವಾಗಿ ಜಾತಿ ಅಂತಲೇ ಕರೆಯುತ್ತವೆ. ಅಮೆರಿಕದ ಗುಂಪಿನಲ್ಲೂ ಅಷ್ಟೇ. ಅಲ್ಲಿ ಕರ್ನಾಟಕದ ಇಬ್ಬರು ಅಕ್ಕಪಕ್ಕ ಕೂತಿರುತ್ತಾರೆ. ಒಬ್ಬರು ತಮ್ಮ ಜಾತಿಯನ್ನು ಯೋಚಿಸದೆ ಹೇಳಬಲ್ಲರು, ಇನ್ನೊಬ್ಬರಿಗೆ ಹೇಳಲು ಧೈರ್ಯ ಬರುವುದಿಲ್ಲ. ಆ ಎರಡನೆಯವರಿಗೆ ‘ಆಫ್ ಕಲರ್’ ಅನ್ನುವ ಹೆಸರೊಂದೇ ಸಾಲುವುದಿಲ್ಲ.